ಯಾವ ಕೈ, ಯಾವ ನಾದ

ಲಂಡನ್ನಿನ ಐರನ್ ಮೇಡನ್ ಎಂಬ ರಾಕ್ ಸಂಗೀತ ತಂಡವು 2007ರ ಮಾರ್ಚ್ 17ರ ಶನಿವಾರ ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿತು. ಬಾಸ್ ಗಿಟಾರ್ ವಾದಕ ಸ್ಟೀವ್ ಹ್ಯಾರಿಸ್ 1975ರ ಕ್ರಿಸ್ಮಸ್ ದಿನ ಕಟ್ಟಿದ ಈ ತಂಡವು ಮೂರು ದಶಕ ಮೀರಿದ ತನ್ನ ತಿರುಗಾಟದಲ್ಲಿ ಭಾರತಕ್ಕೆ ಬಂದದ್ದು ಅದೇ ಮೊದಲು. ಆ ದಿನದ ಬೆಲೆ ಏನಿತ್ತೆಂಬುದನ್ನು ಈಗಿನವರಿಗೆ ತಿಳಿಸಿ ಹೇಳುವುದು ಸುಲಭವಲ್ಲ, ಏಕೆಂದರೆ ಆಮೇಲೆ ದೊಡ್ಡ ತಂಡಗಳು ಒಂದರ ಹಿಂದೆ ಒಂದರಂತೆ ಬಂದುಹೋದವು. 2011ರ ಅಕ್ಟೋಬರ್ 30ರಂದು ಮೆಟಾಲಿಕಾ ಕೂಡ ಅದೇ ಮೈದಾನದಲ್ಲಿ ನುಡಿಸಿತು. 2007ಕ್ಕೆ ಮುಂಚೆ ಹೆವಿ ಮೆಟಲ್ ಎಂಬ ಅಬ್ಬರದ ರಾಕ್ ಸಂಗೀತ ಕೇಳುತ್ತಿದ್ದ ನಮಗೆ ಈ ತಂಡಗಳು ಕ್ಯಾಸೆಟ್ಟಿನ ಹೊದಿಕೆಯ ಮೇಲಿನ ಚಿತ್ರಗಳಾಗಿದ್ದವೇ ಹೊರತು, ಒಂದು ಸಂಜೆ ನಮ್ಮೆದುರು ಬಂದು ನಿಲ್ಲಬಹುದಾದ ಮನುಷ್ಯರಾಗಿರಲಿಲ್ಲ.

ಆ ಸಂಜೆಯ ಬಗ್ಗೆ ಇಷ್ಟು ವರ್ಷಗಳ ಮೇಲೆ ಬರೆಯಲು ಕೂತಿರುವುದಕ್ಕೆ ಕಾರಣವಿದೆ. ಅಲ್ಲಿಯವರೆಗೆ ನಾನು ಕೇಳುತ್ತಿದ್ದದ್ದು ಮಾಡಿ ಮುಗಿಸಿದ ಹಾಡುಗಳನ್ನು. ಅಂದು ಕಂಡದ್ದು ಆರು ಮಂದಿಯ ಕೆಲಸವನ್ನು. ಒಬ್ಬರ ಕೈ ಇನ್ನೊಬ್ಬರ ಕೈಗೆ ಕಾದು, ಒಬ್ಬರ ಕಣ್ಣು ಇನ್ನೊಬ್ಬರ ಕಾಲನ್ನು ನೋಡಿ, ಆ ಕ್ಷಣಕ್ಕಷ್ಟೇ ನಡೆಯುವ ಕೆಲಸವನ್ನು. ಸಂಗೀತವನ್ನು ಕೇಳುವ ನನ್ನ ರೀತಿ ಅಂದಿನಿಂದ ಬದಲಾಯಿತು. ಆ ಬದಲಾವಣೆ ರಾಕ್ ಸಂಗೀತದೊಳಗೇ ನಿಲ್ಲಲಿಲ್ಲ ಎಂಬ ಕಾರಣಕ್ಕೆ ಅದನ್ನು ವಿವರವಾಗಿ ಹೇಳಬೇಕೆನಿಸಿದೆ.

ಮಂಗಳೂರಿನ ಹತ್ತಿರದ ನಮ್ಮ ಕಿನ್ನಿಗೋಳಿಯಂಥ ಊರಿಗೆ ಈ ಸಂಗೀತ ಹೇಗೆ ಬಂತೆಂದು ಘಟ್ಟದ ಮೇಲಿನ ಗೆಳತಿಯರು ಕೇಳುವುದುಂಟು. ಕರಾವಳಿಯವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಿಸದು. ನಮ್ಮಲ್ಲಿ ಪ್ರತಿ ಕೇರಿಯಲ್ಲೂ ಕೊಲ್ಲಿ ದೇಶದಲ್ಲಿ ದುಡಿಯುವವರ ಮನೆಯೊಂದು ಇರುತ್ತದೆ, ರಜೆಗೆ ಬರುವವರ ಪೆಟ್ಟಿಗೆಯಲ್ಲಿ ಸಾಬೂನು, ಸೆಂಟು, ಟಾರ್ಚುಗಳ ಒಟ್ಟಿಗೆ ಕ್ಯಾಸೆಟ್ಟುಗಳೂ ಬರುತ್ತಿದ್ದವು. ಕ್ರೈಸ್ತರ ಮನೆಗಳಲ್ಲಿ ಗಿಟಾರು ಗೋಡೆಗೆ ನೇತಾಡುತ್ತಿತ್ತು. ಇಗರ್ಜಿಯ ಗಾಯನ ತಂಡದಲ್ಲಿ ಕೀಬೋರ್ಡು ಕಲಿತ ಮಕ್ಕಳೇ ಮದುವೆಯ ಸತ್ಕಾರ ಕೂಟಗಳಲ್ಲಿ ಬ್ಯಾಂಡು ಕಟ್ಟಿಕೊಂಡು ಬೈಲಾ ಎಂಬ ಕುಣಿತದ ಹಾಡು ನುಡಿಸುತ್ತಿದ್ದರು. ಡ್ರಮ್ ಸೆಟ್ ಎಂಬ ವಸ್ತುವನ್ನು ನಾನು ಮೊದಲು ಕಂಡದ್ದು ನೆರೆಮನೆಯ ಅಕ್ಕನ ಮದುವೆಯಲ್ಲಿ. ಇನ್ನು ಸುರತ್ಕಲ್ಲಿನ ಎನ್‌ಐಟಿಕೆ ಎಂಜಿನಿಯರಿಂಗ್ ಕಾಲೇಜಿನ ಮತ್ತು ಮಣಿಪಾಲದ ಹಾಸ್ಟೆಲ್ಲುಗಳಿದ್ದವು. ಕೋಲ್ಕತಾ, ಶಿಲ್ಲಾಂಗ್, ದೆಹಲಿಗಳಿಂದ ಬಂದ ಹುಡುಗರು ತಮ್ಮ ತಮ್ಮ ಊರಿನ ರುಚಿಗಳನ್ನು ಅಲ್ಲಿ ಹಂಚಿಕೊಳ್ಳುತ್ತಿದ್ದರು, ಇನ್ಸಿಡೆಂಟ್, ರೆವೆಲ್ಸ್ ಎಂಬ ಕಾಲೇಜು ಉತ್ಸವಗಳಲ್ಲಿ ರಾಕ್ ತಂಡಗಳು ನುಡಿಸುತ್ತಿದ್ದವು. ನನ್ನ ದೊಡ್ಡಪ್ಪನ ಮಗ ಓದಿದ್ದು ಸುರತ್ಕಲ್ಲಿನಲ್ಲಿ. ನನಗೆ ಐರನ್ ಮೇಡನ್ ಕೇಳಿಸಿದವನು ಅವನೇ.

ಅವನು ಕೊಟ್ಟ ವಾಕ್‌ಮನ್ ಹಳೆಯದು. ಅದರ ಹೆಡ್‌ಫೋನಿನ ಎಡಕಿವಿ ಸತ್ತುಹೋಗಿತ್ತು. ತಂತಿಯನ್ನು ಬೆರಳಿಗೆ ಸುತ್ತಿ ಒಂದು ಕೋನದಲ್ಲಿ ಹಿಡಿದರೆ ಮಾತ್ರ ಒಮ್ಮೊಮ್ಮೆ ಚುರುಗುಟ್ಟಿ ಜೀವ ಬರುತ್ತಿತ್ತು. ಈ ತಂಡದ ಹಳೆಯ ಧ್ವನಿಮುದ್ರಿಕೆಗಳಲ್ಲಿ ಎರಡು ಗಿಟಾರುಗಳನ್ನು ಎಡಕ್ಕೊಂದು ಬಲಕ್ಕೊಂದು ಹಂಚಿರುವುದು ಸಾಮಾನ್ಯ. ಹಾಗಾಗಿ ಒಂದು ಮಳೆಗಾಲವಿಡೀ ನಾನು ಕೇಳಿದ್ದು ಹೆಚ್ಚುಕಡಿಮೆ ಒಂದೇ ಗಿಟಾರನ್ನು. ಅದೇ ಪೂರ್ತಿ ಹಾಡೆಂದು ಅದನ್ನು ಪ್ರೀತಿಸಿದೆ, ಅದರ ಒಂದೊಂದು ತಿರುವನ್ನೂ ಗುನುಗಿಕೊಂಡೆ. ಮುಂದೆ ಅಣ್ಣನ ಹಾಸ್ಟೆಲ್ಲಿನ ಸ್ಪೀಕರುಗಳಲ್ಲಿ ಅದೇ ಹಾಡು ಕೇಳಿದಾಗ, ನನಗೆ ಗೊತ್ತಿದ್ದ ಧಾಟಿಯ ಪಕ್ಕದಲ್ಲೇ ಇನ್ನೊಂದು ಧಾಟಿ ನಡೆಯುತ್ತಿತ್ತು. ಸ್ವರಗಳಲ್ಲಿ ಹೇಳುವುದಾದರೆ ಒಂದು ಗಿಟಾರು ಸ ಹಿಡಿದಾಗ ಇನ್ನೊಂದು ಗ ಹಿಡಿಯುತ್ತಿತ್ತು, ಒಂದು ಇಳಿದಾಗ ಇನ್ನೊಂದೂ ಅಷ್ಟೇ ದೂರ ಕಾದುಕೊಂಡು ಇಳಿಯುತ್ತಿತ್ತು. ಯಾರು ಯಾವುದನ್ನು ನುಡಿಸುವುದು ಎಂದು ಅಣ್ಣನನ್ನು ಕೇಳಿದೆ. ಅವನಿಗೂ ಖಚಿತವಾಗಿ ಗೊತ್ತಿರಲಿಲ್ಲ. ಕ್ಯಾಸೆಟ್ಟಿನ ಹೊದಿಕೆಯಲ್ಲಿ ಹೆಸರುಗಳಿದ್ದವು, ಅಂಚೆ ಚೀಟಿಯಷ್ಟು ದೊಡ್ಡ ಮುಖಗಳಿದ್ದವು. ಯಾವ ಮುಖದ ಕೈ ಯಾವ ನಾದ ಮಾಡುತ್ತದೆ ಎಂಬುದಕ್ಕೆ ಅಲ್ಲಿ ಉತ್ತರವಿರಲಿಲ್ಲ. ಆ ಪ್ರಶ್ನೆ ನನ್ನಲ್ಲಿ ಬಹಳ ಕಾಲ ಉಳಿಯಿತು.

ತಂಡ ಬೆಂಗಳೂರಿಗೆ ಬರುವ ಸುದ್ದಿ ಸಿಕ್ಕಾಗ ನಾನು ಮಂಗಳೂರಿನಲ್ಲಿ ಪದವಿಯ ಕೊನೆಯ ವರ್ಷದಲ್ಲಿದ್ದೆ, ಅಣ್ಣ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ್ದ. ಪರೀಕ್ಷೆ ಹತ್ತಿರವಿತ್ತು. ಅಮ್ಮನಿಗೆ ರಾತ್ರಿಯ ಪ್ರಯಾಣದ ಚಿಂತೆ, ಗಂಡುಹುಡುಗರ ಗುಂಪಿನ ಚಿಂತೆ. ಶಾಲೆಯಲ್ಲಿ ಮಾಸ್ಟ್ರಾಗಿದ್ದ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಷ್ಟು ವರ್ಷದಿಂದ ಕೇಳಿದ್ದಾಳೆ, ನೋಡಿಕೊಂಡು ಬರಲಿ. ಆದರೆ ಅಣ್ಣನೊಟ್ಟಿಗೇ ಇರಬೇಕು, ಆಟ ಮುಗಿದ ಮೇಲೆ ರಾತ್ರಿಯ ಬಸ್ಸಿಗೇ ವಾಪಸ್ ಬರಬೇಕು” ಎಂದರು. ಅವರ ಬಾಯಲ್ಲಿ ಎಲ್ಲ ಪ್ರದರ್ಶನವೂ ಆಟವೇ. ಆಗ ಘಟ್ಟ ದಾಟುವ ನೇರ ರೈಲು ಇರಲಿಲ್ಲ; ಗೇಜ್ ಪರಿವರ್ತನೆಗೆಂದು 1996ರಲ್ಲಿ ನಿಂತುಹೋದ ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಡಿಸೆಂಬರಿನಲ್ಲಿ. ಶಿರಾಡಿ ಘಾಟಿಯ ಹೊಂಡಗಳಲ್ಲಿ ರಾತ್ರಿಯಿಡೀ ಕುಲುಕಿ ಶನಿವಾರ ಬೆಳಿಗ್ಗೆ ಮೆಜೆಸ್ಟಿಕ್ಕಿನಲ್ಲಿ ಇಳಿದೆ.

ಮಧ್ಯಾಹ್ನವೇ ಮೈದಾನದ ಹೊರಗೆ ಸಾಲು ನಿಂತಿತ್ತು. ಮೇಡನ್ ತಂಡದ ಲಾಂಛನವಾದ ಎಡ್ಡಿ ಎಂಬ ವಿಕಾರ ಮುಖದ ಚಿತ್ರವಿರುವ ಕಪ್ಪು ಅಂಗಿಗಳು ಕಣ್ಣು ಹಾಯಿಸಿದಷ್ಟು ದೂರ ಕಾಣುತ್ತಿದ್ದವು. ಗುವಾಹಟಿ, ಐಜ್ವಾಲ್, ಕೊಚ್ಚಿ, ಮುಂಬಯಿಗಳಿಂದ ಬಂದವರ ಮಾತು ಸುತ್ತಲೂ ಕೇಳುತ್ತಿತ್ತು. ನನ್ನಂತೆ ಬಂದಿದ್ದ ಹುಡುಗಿಯರು ಕಡಿಮೆಯಿದ್ದರೂ ಇದ್ದರು. ಅಮ್ಮ ಹೆದರಿದಂಥದ್ದೇನೂ ಅಲ್ಲಿ ಆಗಲಿಲ್ಲ ಎಂಬುದನ್ನು ಇಲ್ಲಿ ಬರೆದಿಡಬೇಕು. ನೀರಿನ ಬಾಟಲಿ ಕೈಯಿಂದ ಕೈಗೆ ದಾಟುತ್ತಿತ್ತು, ಯಾರೋ ಗುರುತಿಲ್ಲದವರು ನನ್ನ ಚೀಲವನ್ನು ಎತ್ತಿ ಹಿಡಿದು ದಾರಿ ಮಾಡಿಕೊಟ್ಟರು. ಮೊದಲಿಗೆ ನುಡಿಸಿದವರಲ್ಲಿ ಸ್ಟೀವ್ ಹ್ಯಾರಿಸರ ಮಗಳು ಲಾರೆನ್ ಹ್ಯಾರಿಸ್ ಇದ್ದರು, ದೆಹಲಿಯ ಪರಿಕ್ರಮ ತಂಡವಿತ್ತು. ಪರಿಕ್ರಮದವರ ಪಿಟೀಲು ಆ ಬಯಲಿನಲ್ಲಿ ಚೆನ್ನಾಗಿ ಕೇಳಿತು. ಅದೇ ವರ್ಷ ಜೂನಿನಲ್ಲಿ ಅವರು ಇಂಗ್ಲೆಂಡಿನ ಡೌನ್‌ಲೋಡ್ ಉತ್ಸವದಲ್ಲಿ ನುಡಿಸಿದರೆಂದು ತಿಳಿದಾಗ ನಮ್ಮ ಮನೆಯವರೇ ಹೋದಷ್ಟು ಸಂತೋಷವಾಯಿತು.

ನಾನು ಗಿಡ್ಡ. ವೇದಿಕೆಯ ಹತ್ತಿರ ಹೋದರೆ ಎದುರಿನವರ ಬೆನ್ನಲ್ಲದೆ ಬೇರೇನೂ ಕಾಣುವುದಿಲ್ಲವೆಂದು ಅಣ್ಣನಿಗೆ ಗೊತ್ತಿತ್ತು. ಅವನು ನನ್ನನ್ನು ಮೈದಾನದ ನಡುವೆ, ಧ್ವನಿ ಹೊಂದಿಸುವ ಮಿಕ್ಸರ್ ಇಟ್ಟಿದ್ದ ಅಟ್ಟಣಿಗೆಯ ಬೇಲಿಯ ಪಕ್ಕಕ್ಕೆ ಕರೆದುಕೊಂಡು ಹೋದ. ಅಲ್ಲಿ ಎರಡು ಅನುಕೂಲಗಳಿದ್ದವು. ಬೇಲಿಯ ಕೆಳಗಿನ ಕಂಬಿಯ ಮೇಲೆ ಕಾಲಿಟ್ಟು ನಿಂತರೆ ತಲೆಗಳ ಮೇಲಿಂದ ಇಡೀ ವೇದಿಕೆ ಕಾಣುತ್ತಿತ್ತು. ಎರಡನೆಯದು, ಧ್ವನಿ ಹೊಂದಿಸುವವರು ತಾವು ನಿಂತ ಜಾಗದಲ್ಲಿ ಕೇಳಿದ್ದನ್ನೇ ನಂಬಿ ಹೊಂದಿಸುವುದರಿಂದ ಬಯಲಿನಲ್ಲಿ ಅತ್ಯಂತ ಸರಿಯಾಗಿ ಕೇಳುವ ಜಾಗವೂ ಅದೇ. ಯಾರಾದರೂ ಮೊದಲ ಬಾರಿ ಇಂಥ ಪ್ರದರ್ಶನಕ್ಕೆ ಹೋಗುವುದಾದರೆ ನಾನು ಇಂದಿಗೂ ಹೇಳುವುದು ಇದನ್ನೇ: ಮುಂದಿನ ಸಾಲಿಗೆ ಜಗಳಾಡಬೇಡಿ, ಮಿಕ್ಸರಿನ ಹತ್ತಿರ ನಿಲ್ಲಿ.

ದೀಪಗಳು ಆರಿ ಮತ್ತೆ ಉರಿದಾಗ ಮೊದಲು ನನಗೆ ತಿಳಿದದ್ದು ಕಿವಿಯಲ್ಲಿ ಅಲ್ಲ, ಎದೆಯಲ್ಲಿ. ಡ್ರಮ್ಮಿನ ಪೆಟ್ಟು ಪಕ್ಕೆಲುಬಿಗೆ ಬಂದು ತಾಗುತ್ತಿತ್ತು. ಎರಡನೆಯದಾಗಿ, ಕಣ್ಣಿಗೂ ಕಿವಿಗೂ ಸಣ್ಣ ಅಂತರವಿರುವುದು ತಿಳಿಯಿತು. ಶಬ್ದವು ಸೆಕೆಂಡಿಗೆ ಸುಮಾರು 340 ಮೀಟರ್ ಮಾತ್ರ ಸಾಗುವುದರಿಂದ, ಅಷ್ಟು ದೂರದಲ್ಲಿ ನಿಂತವರಿಗೆ ಡ್ರಮ್ಮಿನ ಕೋಲು ಬಿದ್ದದ್ದು ಮೊದಲು ಕಾಣುತ್ತದೆ, ನಾದ ಕೂದಲೆಳೆಯಷ್ಟು ತಡವಾಗಿ ಬರುತ್ತದೆ. ಈ ತಡವೇ ನನಗೆ ಆ ಸಂಜೆಯ ಮೊದಲ ಪಾಠವಾಯಿತು. ಕೇಳುತ್ತಿರುವ ನಾದಕ್ಕೆ ಒಂದು ಕೈ ಇದೆ, ಆ ಕೈ ಅಲ್ಲಿದೆ, ಅದು ಈಗಷ್ಟೇ ಕೆಳಗಿಳಿಯಿತು ಎಂಬುದನ್ನು ಕಣ್ಣು ಕಿವಿಗೆ ಮುಂಚಿತವಾಗಿ ಹೇಳುತ್ತಿತ್ತು.

ಆ ತಿರುಗಾಟ 2006ರಲ್ಲಿ ಬಂದ ಹೊಸ ಆಲ್ಬಮ್ಮಿನದು. ತಂಡವು ಹಿಂದಿನ ವರ್ಷ ಆ ಆಲ್ಬಮ್ಮನ್ನು ಮೊದಲಿನಿಂದ ಕೊನೆಯವರೆಗೆ ವೇದಿಕೆಯಲ್ಲಿ ನುಡಿಸಿತ್ತು. ನಮ್ಮಲ್ಲಿಗೆ ಬರುವಾಗ ಅದನ್ನು ಅರ್ಧಕ್ಕೆ ಇಳಿಸಿ ಹಳೆಯ ಹಾಡುಗಳಿಗೆ ಜಾಗ ಮಾಡಿತ್ತು. ನನ್ನ ಸುತ್ತಲಿನ ಕೆಲವರಿಗೆ ಅಷ್ಟೂ ಹೆಚ್ಚೆನಿಸಿತು, ಹಳೆಯದನ್ನು ನುಡಿಸಿರೆಂದು ಬೊಬ್ಬೆ ಹಾಕಿದರು. ನನ್ನ ಅಭಿಪ್ರಾಯ ಬೇರೆ. ಐವತ್ತರ ಆಸುಪಾಸಿನಲ್ಲಿರುವ ಕಲಾವಿದರು ಮೊದಲ ಬಾರಿ ಬಂದ ದೇಶದಲ್ಲಿ ಚಪ್ಪಾಳೆ ಖಚಿತವಿರುವ ಹಾಡುಗಳನ್ನಷ್ಟೇ ನುಡಿಸಿ ಹೋಗಬಹುದಿತ್ತು; ಹಾಗೆ ಮಾಡದೆ, ಈಗ ನಾವು ಮಾಡುತ್ತಿರುವ ಕೆಲಸ ಇದು, ಇದನ್ನೂ ಕೇಳಿ ಎಂದು ನಿಂತದ್ದು ಕೇಳುಗರಿಗೆ ಅವರು ಕೊಟ್ಟ ಗೌರವ. ಆ ಹೊಸ ಹಾಡುಗಳಲ್ಲೊಂದು ಅಣುಬಾಂಬಿನ ಕುರಿತಾದದ್ದು, ಅದರ ಶೀರ್ಷಿಕೆಯಲ್ಲಿ ಸಾವಿರ ಸೂರ್ಯರ ಮಾತು ಬರುತ್ತದೆ. ಅಣುಬಾಂಬಿನ ಪ್ರಸ್ತಾಪದಲ್ಲಿ ಆ ಮಾತು ಬಂದದ್ದು ವಿಜ್ಞಾನಿ ಓಪನ್‌ಹೈಮರ್ ಮೂಲಕ, ಅವರಿಗೆ ಬಂದದ್ದು ಭಗವದ್ಗೀತೆಯ ಹನ್ನೊಂದನೆಯ ಅಧ್ಯಾಯದಿಂದ. ಇಷ್ಟು ಸುತ್ತಿ ನಮ್ಮ ದೇಶಕ್ಕೇ ಮರಳಿದ ಆ ಹಾಡಿಗೆ ಮೈದಾನ ಸ್ವಲ್ಪ ತಣ್ಣಗಿತ್ತೆಂಬುದು ನನಗೆ ಇಂದಿಗೂ ಬೇಸರದ ವಿಷಯ.

ತಂಡದ ಗಾಯಕ ಬ್ರೂಸ್ ಡಿಕಿನ್ಸನ್ ನಿಂತು ಹಾಡುವವರಲ್ಲ. ನಲವತ್ತೆಂಟರ ಪ್ರಾಯದಲ್ಲಿ ಅವರು ವೇದಿಕೆಯ ಒಂದು ತುದಿಯಿಂದ ಇನ್ನೊಂದಕ್ಕೆ ಓಡಿ, ಸ್ಪೀಕರಿನ ಪೆಟ್ಟಿಗೆಯ ಮೇಲೆ ಹಾರಿ, ಅದೇ ಉಸಿರಿನಲ್ಲಿ ತಾರಸ್ಥಾಯಿಯ ಸ್ವರವನ್ನು ಅಲುಗದೆ ಹಿಡಿದರು. ಪ್ರತಿ ಊರಿನಲ್ಲೂ ಆ ಊರಿನ ಹೆಸರು ಹಿಡಿದು ಜನರನ್ನು ಕೂಗಿಸುವುದು ಅವರ ಕ್ರಮ. 1985ರಲ್ಲಿ ಬಂದ ಅವರ ವೇದಿಕೆ ಮುದ್ರಿಕೆಯಲ್ಲಿ ‘ಸ್ಕ್ರೀಮ್ ಫಾರ್ ಮಿ, ಲಾಂಗ್ ಬೀಚ್’ ಎಂಬ ಕರೆಯನ್ನು ನಾವೆಲ್ಲ ಎಷ್ಟು ಬಾರಿ ಕೇಳಿದ್ದೆವೆಂದರೆ ಅದು ಹಾಡಿನದೇ ಭಾಗವಾಗಿಬಿಟ್ಟಿತ್ತು. ಅಂದು ಆ ಜಾಗದಲ್ಲಿ ಬೆಂಗಳೂರಿನ ಹೆಸರು ಬಂತು. ಅಣ್ಣ ನನ್ನ ಕಡೆ ತಿರುಗಿದ. ಅವನ ಕಣ್ಣು ತುಂಬಿತ್ತು.

ಆದರೆ ನಾನು ಹೆಚ್ಚು ಹೊತ್ತು ನೋಡಿದ್ದು ಹಾಡುವವರನ್ನಲ್ಲ. ಹ್ಯಾರಿಸ್ ಬಾಸ್ ಗಿಟಾರನ್ನು ಮೀಟುವುದು ಬರಿಬೆರಳಿನಲ್ಲಿ. ಈ ತಂಡದ ಗುರುತೇ ಆಗಿಹೋಗಿರುವ, ಕುದುರೆ ದೌಡಾಯಿಸುವ ಲಯವನ್ನು ನಾನು ಅಲ್ಲಿಯವರೆಗೆ ಡ್ರಮ್ಮಿನದೆಂದು ತಿಳಿದಿದ್ದೆ. ಪಕ್ಕದ ದೊಡ್ಡ ಪರದೆಯಲ್ಲಿ ಅವರ ಬಲಗೈಯನ್ನು ತೋರಿಸಿದಾಗ ಆ ಲಯದ ಮೂಲ ಅಲ್ಲಿರುವುದು ಕಂಡಿತು. ಎರಡು ಬೆರಳುಗಳು ತಂತಿಯ ಮೇಲೆ ಒಂದರ ಹಿಂದೆ ಒಂದು ಬೀಳುತ್ತಿದ್ದ ಆ ಓಟಕ್ಕೆ ಗಿಟಾರುಗಳೂ ಡ್ರಮ್ಮೂ ಸೇರಿಕೊಳ್ಳುತ್ತಿದ್ದವು. ಡ್ರಮ್ಮಿನ ಹಿಂದೆ ನಿಕೋ ಮೆಕ್‌ಬ್ರೇನ್ ಕಾಣುತ್ತಲೇ ಇರಲಿಲ್ಲ, ಅಷ್ಟು ತಾಳವಾದ್ಯಗಳನ್ನು ಅವರು ಸುತ್ತಲೂ ಇಟ್ಟುಕೊಳ್ಳುತ್ತಾರೆ. ಬರಿಗಾಲಿನಲ್ಲಿ, ಒಂದೇ ಪೆಡಲಿನಲ್ಲಿ ಅವರು ನುಡಿಸುತ್ತಾರೆಂದು ಓದಿದ್ದೆ; ಬೇರೆ ಮೆಟಲ್ ವಾದಕರು ಎರಡು ಕಾಲಿನಿಂದ ಹೊರಡಿಸುವ ವೇಗವನ್ನು ಒಂದೇ ಬಲಗಾಲಿನಿಂದ ಸಾಧಿಸುವವರು. ಆ ಪಾದ ನನಗೆ ಕಾಣಲಿಲ್ಲ. ಪ್ರತಿ ಪೆಟ್ಟೂ ಅದರದೆಂದು ತಿಳಿದು ಕೇಳುವುದರಲ್ಲಿ ಬೇರೆಯೇ ಸುಖವಿತ್ತು.

ಇನ್ನು ನನ್ನ ಹಳೆಯ ಪ್ರಶ್ನೆ. ಡಿಕಿನ್ಸನ್ ಮತ್ತು ಏಡ್ರಿಯನ್ ಸ್ಮಿತ್ 1999ರಲ್ಲಿ ತಂಡಕ್ಕೆ ಮರಳಿದ ಮೇಲೆ ಅಲ್ಲಿ ಗಿಟಾರು ನುಡಿಸುವವರು ಮೂವರು. ಡೇವ್ ಮರ್ರೆ ಮುಗುಳ್ನಗುತ್ತ ತಮ್ಮಷ್ಟಕ್ಕೆ ನುಡಿಸುವವರು, ಸ್ಮಿತ್ ಅಳೆದು ತೂಗಿ ನುಡಿಸುವವರು, ಯಾನಿಕ್ ಗರ್ಸ್ ವಾದ್ಯವನ್ನು ತಲೆಯ ಮೇಲೆತ್ತಿ ಕುಣಿಯುವವರು. 1854ರ ಬಾಲಕ್ಲಾವಾ ಯುದ್ಧದ ಕುದುರೆ ಸವಾರರನ್ನು ಕುರಿತ ‘ದ ಟ್ರೂಪರ್’ ಹಾಡು ಶುರುವಾದಾಗ, ನಾನು ಒಂದೇ ಕಿವಿಯಲ್ಲಿ ಕಲಿತಿದ್ದ ಆ ಧಾಟಿ ಬಂತು. ಪರದೆಯ ಮೇಲೆ ಇಬ್ಬರ ಎಡಗೈಗಳು ಒಟ್ಟಿಗೆ ಕಂಡವು. ಬೆರಳುಗಳು ಒಂದೇ ರೀತಿಯಲ್ಲಿ ಬಾಗಿ, ಒಂದೇ ಹೊತ್ತಿಗೆ ಸರಿದು, ಗಿಟಾರಿನ ಕುತ್ತಿಗೆಯ ಬೇರೆ ಬೇರೆ ಎತ್ತರದಲ್ಲಿ ಓಡುತ್ತಿದ್ದವು. ಒಂದು ಕಡೆ ಒಬ್ಬರು ಸ್ವರವನ್ನು ತುಸು ಎಳೆದರು, ಇನ್ನೊಬ್ಬರು ತಲೆಯೆತ್ತಿ ನೋಡಿ ಅಷ್ಟೇ ಹೊತ್ತು ಎಳೆದು ನಿಲ್ಲಿಸಿದರು. ಆ ನೋಟ ಒಂದು ಕ್ಷಣದ್ದು. ಕ್ಯಾಸೆಟ್ಟಿನಲ್ಲಿ ಅದು ಇರಲಿಲ್ಲ, ಇರುವುದು ಸಾಧ್ಯವೂ ಇರಲಿಲ್ಲ. ನಾನು ಆ ಕಂಬಿಯ ಮೇಲೆ ನಿಂತು, ಇದನ್ನು ನೋಡುವುದಕ್ಕೇ ಬಂದದ್ದು ಎಂದು ಅಂದುಕೊಂಡೆ.

ನನ್ನ ಪಕ್ಕದಲ್ಲೇ ಇನ್ನೊಂದು ಕೈ ಕೆಲಸ ಮಾಡುತ್ತಿತ್ತು. ಮಿಕ್ಸರಿನ ಎದುರು ನಿಂತ ವ್ಯಕ್ತಿ ವೇದಿಕೆಯಿಂದ ಕಣ್ಣು ತೆಗೆಯದೆ, ಗಿಟಾರಿನ ಸರದಿ ಬರುವ ಕಾಲು ಕ್ಷಣ ಮುಂಚೆ ಧ್ವನಿ ಏರಿಳಿಸುವ ಒಂದು ಫೇಡರನ್ನು ಉಗುರಿನಷ್ಟು ಮೇಲೆ ಸರಿಸುತ್ತಿದ್ದರು, ಸರದಿ ಮುಗಿದೊಡನೆ ಅಷ್ಟೇ ಕೆಳಗೆ ತರುತ್ತಿದ್ದರು. ಹತ್ತಾರು ಸಾವಿರ ಮಂದಿಗೆ ಆ ಗಿಟಾರು ಎದ್ದು ಕೇಳಿದ್ದು ಆ ಬೆರಳಿನಿಂದ. ಯಾರೂ ಅವರ ಹೆಸರು ಕೂಗಲಿಲ್ಲ.

ಜನರ ಹಾಡಿನ ಬಗ್ಗೆ ಹೇಳದಿದ್ದರೆ ಈ ಬರಹ ಅಪೂರ್ಣವಾಗುತ್ತದೆ. 1992ರ ‘ಫಿಯರ್ ಆಫ್ ದ ಡಾರ್ಕ್’ ಹಾಡಿನಲ್ಲಿ ಮಾತಿಲ್ಲದ ಗಿಟಾರಿನ ಧಾಟಿಯೊಂದಿದೆ, ಅದನ್ನು ಪ್ರೇಕ್ಷಕರು ಹಾಡುವುದು ರೂಢಿ. ನಮಗೆ ಈ ರೂಢಿ ಕಲಿಸಿದವರು ಬ್ರೆಜಿಲಿನ ಜನ. 2001ರ ಜನವರಿಯಲ್ಲಿ ರಿಯೋ ನಗರದ ಪ್ರದರ್ಶನದಲ್ಲಿ ಸೇರಿದ್ದ ಜನಸಾಗರ ಹಾಡಿದ್ದು 2002ರಲ್ಲಿ ಮುದ್ರಿಕೆಯಾಗಿ ಬಂತು. ಸುರತ್ಕಲ್ಲಿನ ಹಾಸ್ಟೆಲ್ಲಿನಲ್ಲಿ ಅದನ್ನು ನೋಡಿ ಅಣ್ಣನ ಗೆಳೆಯರು ಎಲ್ಲಿ ಕೂಗಬೇಕು, ಎಲ್ಲಿ ಸುಮ್ಮನಾಗಬೇಕೆಂಬುದನ್ನೂ ಕಲಿತಿದ್ದರು. ದೇಶದ ಮೂಲೆ ಮೂಲೆಯ ಕೋಣೆಗಳಲ್ಲಿ ಇದೇ ಅಭ್ಯಾಸ ನಡೆದಿರಬೇಕು. ಒಬ್ಬರನ್ನೊಬ್ಬರು ಕಂಡಿರದ ಅಷ್ಟು ಜನ ಅಂದು ಒಂದೇ ಕಡೆ ಉಸಿರು ತೆಗೆದುಕೊಂಡರು. ಆ ಹಾಡು ನಾನು ನಿಂತಲ್ಲಿಗೆ ಒಂದೇ ದನಿಯಾಗಿ ಬರಲಿಲ್ಲ. ಮುಂದಿನವರದು ಮೊದಲು, ಪಕ್ಕದವರದು ಆಮೇಲೆ, ಹಿಂದಿನವರದು ಕೊನೆಗೆ, ಹೀಗೆ ದೂರಕ್ಕೆ ತಕ್ಕಂತೆ ತಡವಾಗಿ, ಅಂಚುಗಳು ಕರಗಿ ಬಂತು. ರಿಯೋದ ಮುದ್ರಿಕೆಯಲ್ಲಿ ಜನರ ದನಿ ಅಷ್ಟು ಮಸುಕಾಗಿ, ಅಗಲವಾಗಿ ಕೇಳುವುದೇಕೆಂಬುದು ನನಗೆ ಅಲ್ಲಿ ತಿಳಿಯಿತು. ನಾನೂ ಹಾಡಿದೆ. ನನಗೆ ಗೊತ್ತಿದ್ದ ಒಂದು ಗಿಟಾರಿನ ಧಾಟಿಯನ್ನೇ ಹಾಡಿದೆ, ಅಣ್ಣ ಇನ್ನೊಂದನ್ನು ಹಾಡಿದ.

ಪ್ರದರ್ಶನ ಮುಗಿಸಿ ಮೆಜೆಸ್ಟಿಕ್ಕಿಗೆ ಓಡಿ ಬಸ್ಸು ಹಿಡಿದೆವು. ಅದೇ ರಾತ್ರಿ ವೆಸ್ಟ್ ಇಂಡೀಸಿನಲ್ಲಿ ವಿಶ್ವಕಪ್ಪಿನ ಪಂದ್ಯ ನಡೆಯುತ್ತಿತ್ತು, ಭಾರತ 191 ರನ್ನಿಗೆ ಔಟಾಗಿ ಬಾಂಗ್ಲಾದೇಶಕ್ಕೆ ಸೋತಿತು. ಬೆಳಗಿನ ಜಾವ ಬಿ.ಸಿ. ರೋಡಿನಲ್ಲಿ ಚಹಾಕ್ಕೆ ಇಳಿದಾಗ ಸಾವಿನ ಮನೆಯ ಮೌನವಿತ್ತು. ನಮ್ಮಿಬ್ಬರ ಕಿವಿಯಲ್ಲಿ ಇನ್ನೂ ಗುಂಯ್ ಎನ್ನುತ್ತಿದ್ದುದರಿಂದ ಚಹಾದಂಗಡಿಯವರು ಏನು ಹೇಳುತ್ತಿದ್ದಾರೆಂದು ಮೊದಲು ತಿಳಿಯಲೇ ಇಲ್ಲ.

ಮನೆಯಲ್ಲಿ ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಸಾವಿರ ಸೂರ್ಯರ ಹಾಡಿನ ಮಾತು ಬಂದಾಗ ಅವರು ‘ದಿವಿ ಸೂರ್ಯಸಹಸ್ರಸ್ಯ’ ಎಂದು ಶ್ಲೋಕವನ್ನು ಪೂರ್ತಿ ಹೇಳಿ ಮುಗಿಸಿದರು. ಆಮೇಲೆ ಕೇಳಿದರು: “ಎರಡು ಗಿಟಾರಿನವರು ಒಬ್ಬರನ್ನೊಬ್ಬರು ನೋಡಿಕೊಳ್ತಾರಾ?” ಆ ಪ್ರಶ್ನೆ ಅವರಿಗೆ ಎಲ್ಲಿಂದ ಬಂತೆಂಬುದು ನನಗೆ ಗೊತ್ತಾದದ್ದು ಕೆಲವು ವಾರಗಳ ಮೇಲೆ, ಊರಿನಲ್ಲಿ ಕಟೀಲು ಮೇಳದ ಹರಕೆಯ ಯಕ್ಷಗಾನ ಆಟವಾದಾಗ. ಅಪ್ಪ ಆಟಕ್ಕೆ ಹೋದರೆ ರಂಗಸ್ಥಳದ ಎದುರು ಕೂರುವವರಲ್ಲ, ಪಕ್ಕಕ್ಕೆ ಸರಿದು ಹಿಮ್ಮೇಳದವರ ಕೈ ಕಾಣುವ ಜಾಗ ಹುಡುಕುವವರು. ಚಿಕ್ಕಂದಿನಲ್ಲಿ ಇದು ನನಗೆ ಬೇಸರ ತರಿಸುತ್ತಿತ್ತು, ಏಕೆಂದರೆ ಅಲ್ಲಿಂದ ವೇಷಗಳ ಬೆನ್ನೇ ಹೆಚ್ಚು ಕಾಣುತ್ತಿತ್ತು. ಆ ರಾತ್ರಿ ನಾನಾಗಿಯೇ ಅವರ ಪಕ್ಕ ಹೋಗಿ ಕೂತೆ. ಆವೇಶದ ಏರುಪದಕ್ಕೆ ಚೆಂಡೆ ಸಿಡಿಯುವ ಮುಂಚೆ ಭಾಗವತರ ಕಣ್ಣು ಮದ್ದಳೆಯವರ ಕಡೆ ಹೊರಳುವುದು, ಮದ್ದಳೆಯವರು ವೇಷಧಾರಿಯ ಹೆಜ್ಜೆಯನ್ನೇ ನೋಡುತ್ತ ಬಿಡ್ತಿಗೆಯೆಂಬ ವಾದ್ಯದ ನುಡಿಕೆಯನ್ನು ಇನ್ನೊಂದು ಸುತ್ತಿಗೆ ಹಿಗ್ಗಿಸುವುದು, ಚೆಂಡೆಯವರು ಅದನ್ನು ಮೊದಲೇ ತಿಳಿದಂತೆ ಕೋಲನ್ನು ಅರ್ಧದಲ್ಲಿ ತಡೆದು ಹಿಡಿಯುವುದು, ಇವನ್ನೆಲ್ಲ ಅಪ್ಪ ಇಷ್ಟು ವರ್ಷ ನೋಡುತ್ತ ಬಂದಿದ್ದರು. ಅರಮನೆ ಮೈದಾನದಲ್ಲಿ ನಾನು ನೋಡಿದ್ದು ಇದೇ ಜಾತಿಯ ಸಂಗತಿಯನ್ನು. ಎರಡೂ ಕಲೆಗಳು ಒಂದೇ ಎನ್ನುವುದು ನನ್ನ ಮಾತಲ್ಲ. ಅವುಗಳ ದಾರಿ, ದೇವರು, ದುಡ್ಡು ಎಲ್ಲವೂ ಬೇರೆ. ಆದರೆ ನುಡಿಸುವವರ ಕೈಯನ್ನು ನೋಡುವ ಆಸೆ ನನಗೆ ಬಂದದ್ದು ಮನೆಯಿಂದಲೇ ಇರಬೇಕು, ಅದು ಕಣ್ಣಿಗೆ ಬೀಳಲು ಲಂಡನ್ನಿನವರು ಬರಬೇಕಾಯಿತು.

ಈಗ ನಾನು ಮಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಪಣಂಬೂರಿನ ಕಡಲ ಕಿನಾರೆಯಲ್ಲೋ ಕಾಲೇಜಿನ ಮೈದಾನದಲ್ಲೋ ಊರಿನ ಹುಡುಗ ಹುಡುಗಿಯರ ತಂಡ ನುಡಿಸುತ್ತದೆಂದು ತಿಳಿದರೆ ಹೋಗುತ್ತೇನೆ, ಮಿಕ್ಸರಿನ ಪಕ್ಕ ನಿಲ್ಲುತ್ತೇನೆ. ಧ್ವನಿ ಕೆಟ್ಟಿರುವುದುಂಟು, ಹಾಡುವವರ ದನಿ ಮುಳುಗಿಹೋಗುವುದುಂಟು. ಆದರೂ ಬಾಸ್ ನುಡಿಸುವ ಹುಡುಗಿ ಡ್ರಮ್ಮಿನವನ ಕಡೆ ತಿರುಗಿ, ತಲೆಯಾಡಿಸಿ, ಇಬ್ಬರೂ ಒಟ್ಟಿಗೆ ನಿಲ್ಲಿಸಿದ ಕ್ಷಣವೊಂದು ಸಿಕ್ಕೇ ಸಿಗುತ್ತದೆ.

ನಿಕೋ ಮೆಕ್‌ಬ್ರೇನ್‌ಗೆ 2023ರ ಜನವರಿಯಲ್ಲಿ ಪಾರ್ಶ್ವವಾಯು ಬಡಿಯಿತು. ಚೇತರಿಸಿಕೊಂಡು ಮತ್ತೆ ತಿರುಗಾಟಕ್ಕೆ ಹೊರಟರು, 2024ರ ಡಿಸೆಂಬರಿನಲ್ಲಿ ಬ್ರೆಜಿಲಿನ ಸಾವೊ ಪೌಲೊ ನಗರದಲ್ಲಿ ಕೊನೆಯ ಬಾರಿ ನುಡಿಸಿ ತಿರುಗಾಟದಿಂದ ನಿವೃತ್ತರಾದರು. ಹ್ಯಾರಿಸರ ಇನ್ನೊಂದು ತಂಡದಲ್ಲಿದ್ದ ಸೈಮನ್ ಡಾಸನ್ 2025ರ ತಿರುಗಾಟದಿಂದ ಆ ಜಾಗದಲ್ಲಿ ಕೂರುತ್ತಿದ್ದಾರೆ. ನಿಕೋ ನಿವೃತ್ತಿಯ ಸುದ್ದಿ ಬಂದ ದಿನ ದುಬೈಯಿಂದ ಅಣ್ಣನ ಫೋನು ಬಂತು. “ನಿಕೋ ಇಲ್ಲದ ಮೇಲೆ ಅದೆಂತ ಮೇಡನ್ ಮಾರಾಯ್ತಿ? ನಾನಿನ್ನು ನೋಡುದಿಲ್ಲ” ಎಂದ. ಅವನ ದುಃಖ ನನಗೂ ಇತ್ತು. ಆದರೆ ನಿಕೋ ಬಂದದ್ದೂ 1982ರ ಕೊನೆಯಲ್ಲಿ, ಕ್ಲೈವ್ ಬರ್ ಬಿಟ್ಟ ಜಾಗಕ್ಕೆ. ಅದೇ ವರ್ಷದ ಆರಂಭದಲ್ಲಿ ಬಂದ, ನಾವಿಬ್ಬರೂ ಮೊದಲು ಕೇಳಿದ ಆಲ್ಬಮ್ಮಿನಲ್ಲಿರುವ ಪೆಟ್ಟುಗಳೆಲ್ಲ ಬರ್ ಅವರವು. ಅರಮನೆ ಮೈದಾನದಲ್ಲಿ ಆ ಆಲ್ಬಮ್ಮಿನ ಹಾಡುಗಳು ಬಂದಾಗ ನಾವು ಕೇಳಿದ್ದು ಬರ್ ಕಟ್ಟಿದ ಲಯವನ್ನು ನಿಕೋನ ಕಾಲಿನಲ್ಲಿ. ಅಲ್ಲಲ್ಲಿ ಅವರು ಅದನ್ನು ತಮ್ಮ ಕಾಲಿಗೆ ಹೊಂದಿಸಿಕೊಂಡಿದ್ದರು, ಆ ಹೊಂದಿಕೆಗೇ ನಾವು ಕುಣಿದದ್ದು. ಡಾಸನ್ ಏನನ್ನು ಉಳಿಸಿಕೊಳ್ಳುತ್ತಾರೆ, ಏನನ್ನು ಬದಲಿಸುತ್ತಾರೆ, ಹ್ಯಾರಿಸ್ ಅವರ ಕಡೆ ಯಾವಾಗ ತಿರುಗಿ ನೋಡುತ್ತಾರೆ ಎಂಬುದನ್ನು ನನಗೆ ಕಣ್ಣಾರೆ ನೋಡಬೇಕು. ಇದನ್ನೆಲ್ಲ ಹೇಳಿದ ಮೇಲೂ ಅಣ್ಣ ಒಪ್ಪಲಿಲ್ಲ. ಬಹಳ ಹೊತ್ತು ವಾದ ಮಾಡಿ ಫೋನಿಡುವ ಮುಂಚೆ, ಅವರು ಮತ್ತೆ ಇತ್ತ ಬಂದರೆ ತನಗೂ ಒಂದು ಟಿಕೆಟ್ ತೆಗೆದಿಡು ಎಂದ.